ಪೋಸ್ಟ್‌ಗ್ರೆಸ್ ತೆಗೆಯುವ ಮುಂಚೆ ಅದು ಯಾವ ದಾರಿಯಲ್ಲಿ ಬಂತು ಅಂತ ನೋಡಿ

ಸರ್ವರ್ ಮೇಲೆ ಸಾಫ್ಟ್‌ವೇರ್ ಹಾಕುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ತೆಗೆಯುವುದು ಹೇಗೆ ಅಂತ ಹೇಳುವವರು ಕಡಿಮೆ. ಹೇಳಿದರೂ ಒಂದೇ ಸಾಲು: 'ಆಪ್ಟ್ ರಿಮೂವ್ ಹೊಡೀರಿ, ಮುಗೀತು.' (ಆಪ್ಟ್ ಅಂದರೆ ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮ್ಯಾಂಡ್.) ಆ ಸಾಲಿಗೆ ಒಂದು ಮೆಷಿನ್‌ನಲ್ಲಿ ಏನೂ ಹೋಗುವುದಿಲ್ಲ, ಇನ್ನೊಂದರಲ್ಲಿ ಅರ್ಧ ಹೋಗುತ್ತದೆ, ಮತ್ತೊಂದರಲ್ಲಿ ರಿಮೂವ್ ಜಾಗದಲ್ಲಿ ಪರ್ಜ್ ಅಂತ ಹೊಡೆದವರಿಗೆ ಹೋಗಬಾರದ್ದೇ ಹೋಗಿರುತ್ತದೆ.

ಇಲ್ಲಿ ನಾನು ಪೋಸ್ಟ್‌ಗ್ರೆಸ್ ಒಂದನ್ನೇ ಹಿಡಿದು ಬರೆಯುತ್ತೇನೆ. ಸಣ್ಣ ಕಚೇರಿಗಳು, ಅಂಗಡಿ, ಲ್ಯಾಬ್ ಇಂಥ ಕಡೆ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು, ಅಲ್ಲೆಲ್ಲ ಇದು ಇದ್ದೇ ಇರುತ್ತದೆ. ಒಂದೊಂದು ಕಡೆ ಒಂದೊಂದು ರೀತಿ ಬಂದು ಕೂತಿರುತ್ತದೆ. ಅದೂ ಅಲ್ಲದೆ ಇದು ಡೇಟಾಬೇಸ್. ತೆಗೆಯುವಾಗ ಕೈ ತಪ್ಪಿದರೆ ಹೋಗುವುದು ಜನರ ಬಿಲ್ಲು, ಹಾಜರಿ, ರೋಗಿಗಳ ರಿಪೋರ್ಟು. ಕಮ್ಯಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

ತೆಗೆಯುವ ಅಗತ್ಯ ಯಾಕೆ ಬರುತ್ತದೆ ಅಂದರೆ, ಪೋಸ್ಟ್‌ಗ್ರೆಸ್‌ನ ಒಂದೊಂದು ಮುಖ್ಯ ಆವೃತ್ತಿಗೆ ಸುಮಾರು 5 ವರ್ಷ ಮಾತ್ರ ಬೆಂಬಲ. 12ನೇ ಆವೃತ್ತಿಯದು 2024ರ ನವೆಂಬರ್‌ನಲ್ಲಿ ಮುಗಿಯಿತು, 13ರದ್ದು 2025ರ ನವೆಂಬರ್‌ನಲ್ಲಿ. ಅದಾದ ಮೇಲೆ ಭದ್ರತೆಯ ಪ್ಯಾಚ್ ಬರುವುದಿಲ್ಲ. ಯಾರೂ ಬಳಸದ ಹಳೆಯ ಡೇಟಾಬೇಸ್ 5432ನೇ ಪೋರ್ಟ್ ತೆರೆದುಕೊಂಡು ಸುಮ್ನೆ ಕೂತಿರುವುದು ಒಳ್ಳೆಯದಲ್ಲ. ತೆಗೆಯಲೇಬೇಕು. ಆದರೆ ಸರಿಯಾಗಿ ತೆಗೆಯಬೇಕು.

ನನ್ನ ಮಾತು ಇಷ್ಟೇ: ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹೊರಗೆ ಕಳಿಸಬೇಕು, ಡೇಟಾದ ವಿಷಯ ಮಾತ್ರ ಯಾವ ಅನ್‌ಇನ್‌ಸ್ಟಾಲರ್‌ಗೂ ಬಿಡದೆ ನಾವೇ ತೀರ್ಮಾನಿಸಬೇಕು.

ಹಾಗಾದರೆ ಮೊದಲ ಕೆಲಸ, ಅದು ಯಾವ ದಾರಿಯಲ್ಲಿ ಬಂತು ಅಂತ ಪತ್ತೆ ಮಾಡುವುದು. ಹಾಕಿದವರನ್ನು ಕೇಳೋಣ ಅಂದರೆ ಅವರು ಕೆಲಸ ಬಿಟ್ಟು ಹೋಗಿರುತ್ತಾರೆ. ಇದ್ದರೂ ನೆನಪಿರುವುದಿಲ್ಲ. ಮೆಷಿನ್ನನ್ನೇ ಕೇಳಬೇಕು. 'ಎಸ್ಎಸ್ -ಎಲ್‌ಟಿಎನ್‌ಪಿ' ಅಂತ ರೂಟ್ ಆಗಿ ಹೊಡೆದರೆ ಯಾವ ಪೋರ್ಟ್ ಯಾರು ಹಿಡಿದಿದ್ದಾರೆ, ಅವರ ಪ್ರೋಸೆಸ್ ನಂಬರ್ ಎಷ್ಟು ಅಂತ ಬರುತ್ತದೆ. ಆ ನಂಬರ್ ಹಿಡಿದು /ಪ್ರಾಕ್/ನಂಬರ್/ಎಕ್ಸಿ ಅನ್ನುವ ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. /ಯುಎಸ್ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಬಿನ್ ಅಂತ ಬಂದರೆ ಡೆಬಿಯನ್ ಅಥವಾ ಉಬುಂಟು ಪ್ಯಾಕೇಜ್. /ಯುಎಸ್ಆರ್/ಬಿನ್ ಒಳಗೇ ಇದ್ದರೆ ರೆಡ್‌ಹ್ಯಾಟ್ ಬಳಗದವರು ತಮ್ಮದೇ ರೆಪೊದಲ್ಲಿ, ಅಂದರೆ ಪ್ಯಾಕೇಜ್ ಭಂಡಾರದಲ್ಲಿ, ಕೊಡುವ ಪ್ಯಾಕೇಜ್. /ಯುಎಸ್ಆರ್/ಪಿಜಿಎಸ್‌ಕ್ಯೂಎಲ್-16 ಅಂತಿದ್ದರೆ ಪೋಸ್ಟ್‌ಗ್ರೆಸ್ ಪ್ರಾಜೆಕ್ಟ್‌ನವರೇ ನಡೆಸುವ ಆರ್‌ಪಿಎಂ ರೆಪೊದಿಂದ ಬಂದದ್ದು. /ಯುಎಸ್ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್ ಅಂತಿದ್ದರೆ ಯಾರೋ ಸೋರ್ಸ್ (ಮೂಲ ಕೋಡ್) ತಂದು ಕಂಪೈಲ್ ಮಾಡಿದ್ದಾರೆ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಡಾಕರ್ ಕಂಟೇನರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬದಲ್ಲಿಟ್ಟು ಓಡಿಸುವ ವ್ಯವಸ್ಥೆ) ಒಳಗೆ ಓಡುತ್ತಿರುವ ಪೋಸ್ಟ್‌ಗ್ರೆಸ್ ಕೂಡ ಹೊರಗಿನಿಂದ ನೋಡಿದರೆ /ಯುಎಸ್ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಬಿನ್ ಅಂತಲೇ ಕಾಣುತ್ತದೆ, ಯಾಕೆಂದರೆ ಅಧಿಕೃತ ಇಮೇಜ್‌ನ (ಕಂಟೇನರ್ ಹುಟ್ಟುವ ಅಚ್ಚು) ಮಾಮೂಲಿ ರೂಪ ಡೆಬಿಯನ್ ಮೇಲೆಯೇ ಕಟ್ಟಿದ್ದು. ಆ ಇಮೇಜ್ ಒಳಗೆ ಪೋಸ್ಟ್‌ಗ್ರೆಸ್ ಯೂಸರ್ ನಂಬರ್ 999. ನಿಮ್ಮ ಹೊರಗಿನ ಮೆಷಿನ್‌ನಲ್ಲಿ 999 ಬೇರೆ ಯಾವುದೋ ಯೂಸರ್‌ಗೆ ಹೋಗಿದ್ದರೆ ಪಿಎಸ್ ಕಮ್ಯಾಂಡ್‌ನಲ್ಲಿ ಪೋಸ್ಟ್‌ಗ್ರೆಸ್ ಪ್ರೋಸೆಸ್ ಪಕ್ಕ ಆ ಯೂಸರ್ ಹೆಸರು ಕಾಣುತ್ತದೆ, ತಲೆ ಕೆಡುತ್ತದೆ. ಇದಕ್ಕೆ ಸುಲಭ ಉಪಾಯ ಇದೆ. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' ಮುಂದೆ ಸರ್ವಿಸ್ ಹೆಸರಿನ ಬದಲು ಪ್ರೋಸೆಸ್ ನಂಬರನ್ನೇ ಕೊಡಿ. ಆ ಪ್ರೋಸೆಸ್ ಯಾವ ಯೂನಿಟ್‌ಗೆ ಸೇರಿದ್ದು ಅಂತ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಪ್ರೋಗ್ರಾಂ) ಹೇಳುತ್ತದೆ. ಮಾಮೂಲಿ ಸರ್ವಿಸ್ ಆದರೆ ಸರ್ವಿಸ್ ಹೆಸರು ಬರುತ್ತದೆ, ಕಂಟೇನರ್ ಆದರೆ ಡಾಕರ್ ಅಂತ ಶುರುವಾಗುವ ಉದ್ದದ ಹೆಸರು ಬರುತ್ತದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ನನಗಂತೂ ದಿನಾ ಉಪಯೋಗಕ್ಕೆ ಬರುತ್ತದೆ.

ಇನ್ನೂ ಖಾತ್ರಿ ಬೇಕಾದರೆ ಪ್ಯಾಕೇಜ್ ಮ್ಯಾನೇಜರನ್ನು ಕೇಳಿ. ಡೆಬಿಯನ್‌ನಲ್ಲಿ 'ಡಿಪಿಕೆಜಿ -ಎಸ್' ಅಂತ ದೊಡ್ಡ ಎಸ್ ಹಾಕಿ ಫೈಲ್ ಹೆಸರು ಕೊಟ್ಟರೆ ಅದು ಯಾವ ಪ್ಯಾಕೇಜಿನದ್ದು ಅಂತ ಹೇಳುತ್ತದೆ. ರೆಡ್‌ಹ್ಯಾಟ್‌ನಲ್ಲಿ 'ಆರ್‌ಪಿಎಂ -ಕ್ಯೂಎಫ್'. ಯಾವ ಪ್ಯಾಕೇಜಿಗೂ ಸೇರಿಲ್ಲ ಅಂತ ಬಂದರೆ ಆ ಫೈಲ್ ಅದರ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಲೆಕ್ಕದಲ್ಲಿ ಇಲ್ಲದ್ದನ್ನು ಅದು ತೆಗೆಯುವುದೂ ಇಲ್ಲ.

ಎರಡನೇ ಕೆಲಸ, ಯಾರಾದರೂ ಬಳಸುತ್ತಿದ್ದಾರಾ ಅಂತ ನೋಡುವುದು. ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಕಮ್ಯಾಂಡ್) ಒಳಗೆ ಹೋಗಿ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿದರೆ ಈ ಕ್ಷಣ ಯಾವ ಐಪಿಯಿಂದ ಯಾವ ಯೂಸರ್ ಯಾವ ಡೇಟಾಬೇಸ್‌ಗೆ ಬಂದಿದ್ದಾರೆ ಅಂತ ಸಿಗುತ್ತದೆ. ಒಂದು ಸಲ ನೋಡಿ ಖಾಲಿ ಇದೆ ಅಂತ ನಿರ್ಧಾರ ಮಾಡಬೇಡಿ. ತಿಂಗಳ ಕೊನೆಗೆ ಮಾತ್ರ ಓಡುವ ಸಂಬಳದ ರಿಪೋರ್ಟ್, ರಾತ್ರಿ ತಾನಾಗಿ ಓಡುವ ಕ್ರಾನ್ ಕೆಲಸ, ಇಂಥವೆಲ್ಲ ಇರುತ್ತವೆ. 'ಲಾಗ್_ಕನೆಕ್ಷನ್ಸ್' ಆನ್ ಮಾಡಿ ಕೆಲವು ದಿನ ಬಿಟ್ಟು ಲಾಗ್ ಓದಿ. ತೆಗೆಯುವುದಕ್ಕೆ ಅಷ್ಟು ಅವಸರ ಯಾರಿಗೂ ಇರುವುದಿಲ್ಲ.

ಈಗ ರೆಪ್ಲಿಕಾ, ಅಂದರೆ ಮುಖ್ಯ ಸರ್ವರ್‌ನ ನಕಲಾಗಿ ಇನ್ನೊಂದು ಮೆಷಿನ್‌ನಲ್ಲಿ ಓಡುವ ಪೋಸ್ಟ್‌ಗ್ರೆಸ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ಒಂದು ಮೆಷಿನ್‌ನಿಂದ ತೆಗೆದದ್ದಕ್ಕೆ ಇನ್ನೊಂದು ಮೆಷಿನ್ ಮಲಗುತ್ತದೆ. ನೀವು ತೆಗೆಯಲು ಹೊರಟಿರುವುದು ಸ್ಟ್ಯಾಂಡ್‌ಬೈ, ಅಂದರೆ ಆ ನಕಲು ಸರ್ವರ್, ಅಂತಿಟ್ಟುಕೊಳ್ಳಿ. ಮುಖ್ಯ ಸರ್ವರ್‌ನಲ್ಲಿ ಅದರ ಹೆಸರಿಗೆ ಒಂದು ರೆಪ್ಲಿಕೇಷನ್ ಸ್ಲಾಟ್ ಇರಬಹುದು. ಸ್ಲಾಟ್‌ನ ಕೆಲಸವೇ, ಆ ಸ್ಟ್ಯಾಂಡ್‌ಬೈ ಇನ್ನೂ ಓದದ ಡಬ್ಲ್ಯುಎಎಲ್ ಫೈಲ್‌ಗಳನ್ನು (ಡೇಟಾದ ಬದಲಾವಣೆಗಳನ್ನು ಬರೆದಿಡುವ ಲಾಗ್) ಅಳಿಸದೆ ಕಾಪಾಡುವುದು. ಸ್ಟ್ಯಾಂಡ್‌ಬೈ ತೆಗೆದುಬಿಟ್ಟಿರಿ, ಸ್ಲಾಟ್ ಹಾಗೇ ಉಳಿಯಿತು. ಮುಖ್ಯ ಸರ್ವರ್‌ಗೆ ಅದು ಗೊತ್ತಾಗುವುದಿಲ್ಲ, ಇವತ್ತಲ್ಲ ನಾಳೆ ಬಂದು ಓದುತ್ತಾನೆ ಅಂತ ಕಾಯುತ್ತಲೇ ಇರುತ್ತದೆ. ಆ ಫೈಲ್‌ಗಳಿರುವ ಪಿಜಿ_ವಾಲ್ ಫೋಲ್ಡರ್ ಬೆಳೆಯುತ್ತಾ ಹೋಗುತ್ತದೆ, ಒಂದೊಂದು ಫೈಲ್ ಮಾಮೂಲಿಯಾಗಿ 16 ಎಂಬಿ. ಡಿಸ್ಕ್ ತುಂಬಿದ ದಿನ ಮುಖ್ಯ ಡೇಟಾಬೇಸ್ ನಿಂತುಹೋಗುತ್ತದೆ. ಅಷ್ಟರಲ್ಲಿ ನೀವು ಸ್ಟ್ಯಾಂಡ್‌ಬೈ ತೆಗೆದದ್ದೇ ಎಲ್ಲರಿಗೂ ಮರೆತಿರುತ್ತದೆ, ಎರಡಕ್ಕೂ ಸಂಬಂಧ ಇದೆ ಅಂತ ಯಾರ ತಲೆಗೂ ಹೊಳೆಯುವುದಿಲ್ಲ. 13ನೇ ಆವೃತ್ತಿಯಿಂದ 'ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್' ಅನ್ನುವ ಮಿತಿ ಇದೆ, ಆದರೆ ಅದರ ಡಿಫಾಲ್ಟ್ ಬೆಲೆ -1, ಅಂದರೆ ಮಿತಿಯೇ ಇಲ್ಲ. ಹಾಗಾಗಿ ಸ್ಟ್ಯಾಂಡ್‌ಬೈ ನಿಲ್ಲಿಸಿದ ಕೂಡಲೇ ಮುಖ್ಯ ಸರ್ವರ್‌ಗೆ ಹೋಗಿ, ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್ ನೋಡಿ, ಆ ಸ್ಲಾಟನ್ನು 'ಪಿಜಿ_ಡ್ರಾಪ್_ರೆಪ್ಲಿಕೇಷನ್_ಸ್ಲಾಟ್' ಹಾಕಿ ತೆಗೆಯಿರಿ. ಪ್ಯಾಕೇಜ್ ತೆಗೆಯುವುದು ಆಮೇಲೆ.

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎರಡೇ ಮಾತು. ಪಿಜಿ_ಡಂಪ್ ಒಂದು ಡೇಟಾಬೇಸ್ ಮಾತ್ರ ತೆಗೆಯುತ್ತದೆ, ಅದರಲ್ಲಿ ಯೂಸರ್‌ಗಳು, ಅವರ ಪಾಸ್‌ವರ್ಡ್‌ಗಳು ಬರುವುದಿಲ್ಲ. ಅವು ಬೇಕು ಅಂದರೆ ಪಿಜಿ_ಡಂಪ್‌ಆಲ್. ತೆಗೆದ ಡಂಪನ್ನು ಬೇರೆ ಮೆಷಿನ್‌ನಲ್ಲಿ ಹಾಕಿ, ಒಂದೆರಡು ಟೇಬಲ್ ತೆರೆದು ನೋಡುವ ತನಕ ಅದನ್ನು ಬ್ಯಾಕಪ್ ಅಂತ ಕರೆಯಬೇಡಿ.

ಈಗ ಒಂದೊಂದೇ ದಾರಿಗೆ ಬರೋಣ. ಡೆಬಿಯನ್, ಉಬುಂಟುದಿಂದ ಶುರು ಮಾಡುತ್ತೇನೆ, ನಮ್ಮ ಕಡೆ ಇವೇ ಜಾಸ್ತಿ.

'ಆಪ್ಟ್ ರಿಮೂವ್ ಪೋಸ್ಟ್‌ಗ್ರೆಸ್‌ಕ್ಯೂಎಲ್' ಅಂತ ಹೊಡೆದಿರಿ, ತೆಗೆದೆ ಅಂತ ಬಂತು, ಆದರೆ ಸರ್ವರ್ ಇನ್ನೂ ಓಡುತ್ತಲೇ ಇದೆ. ಯಾಕೆ? ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಪ್ಯಾಕೇಜ್ ಒಳಗೆ ಏನೂ ಇಲ್ಲ. ಅದು ಆ ಹೊತ್ತಿನ ಆವೃತ್ತಿಯನ್ನು ಎಳೆದು ತರುವ ಹೆಸರು ಮಾತ್ರ. ನಿಜವಾದ ಸರ್ವರ್ ಇರುವುದು ಪೋಸ್ಟ್‌ಗ್ರೆಸ್‌ಕ್ಯೂಎಲ್-16, ಪೋಸ್ಟ್‌ಗ್ರೆಸ್‌ಕ್ಯೂಎಲ್-14 ಅಂತ ನಂಬರ್ ಇರುವ ಪ್ಯಾಕೇಜ್‌ಗಳಲ್ಲಿ. ಆ ಹೆಸರು ಹಿಡಿದೇ ತೆಗೆಯಬೇಕು.

ರಿಮೂವ್ ಮಾಡಿದರೆ ಪ್ರೋಗ್ರಾಂ ಹೋಗುತ್ತದೆ. /ಇಟಿಸಿ/ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಳಗಿನ ಕಾನ್ಫಿಗ್, /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಳಗಿನ ಡೇಟಾ, ಲಾಗ್ ಎಲ್ಲ ಉಳಿಯುತ್ತದೆ. 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ ಆ ಪ್ಯಾಕೇಜ್ ಮುಂದೆ ಆರ್‌ಸಿ ಅಂತ ಕಾಣುತ್ತದೆ, ಪ್ಯಾಕೇಜ್ ಹೋಗಿದೆ, ಕಾನ್ಫಿಗ್ ಇದೆ ಅಂತ ಅರ್ಥ. ಪರ್ಜ್ ಮಾಡಿದಾಗ ಮಾತ್ರ ಒಂದು ನೀಲಿ ಪರದೆ ಬಂದು, ಡೇಟಾ ಫೋಲ್ಡರ್‌ಗಳನ್ನೂ ತೆಗೆಯಲೇ ಅಂತ ಕೇಳುತ್ತದೆ. ಈ ಪ್ರಶ್ನೆಗೆ ಮೊದಲೇ ತುಂಬಿಟ್ಟಿರುವ ಉತ್ತರ ಹೌದು. ಎಂಟರ್ ಒತ್ತಿದರೆ ಡೇಟಾ ಹೋಯಿತು. ಇನ್ನೂ ಕಷ್ಟ ಏನು ಅಂದರೆ, ಸ್ಕ್ರಿಪ್ಟ್ ಬರೆಯುವವರು 'ಡೆಬಿಯನ್_ಫ್ರಂಟ್‌ಎಂಡ್' ಅನ್ನು ನಾನ್‌ಇಂಟರಾಕ್ಟಿವ್ ಅಂತ ಇಟ್ಟಿರುತ್ತಾರೆ. ಆಗ ಪ್ರಶ್ನೆ ಪರದೆ ಮೇಲೆ ಬರುವುದೇ ಇಲ್ಲ, ಹೌದು ಅನ್ನುವ ಉತ್ತರವೇ ನಡೆದುಹೋಗುತ್ತದೆ. ಆನ್ಸಿಬಲ್ ಥರದ ಸಾಧನಗಳಿಂದ ಒಟ್ಟಿಗೆ ಹತ್ತಾರು ಮೆಷಿನ್‌ಗಳಲ್ಲಿ ಪರ್ಜ್ ಕೊಡುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಉಬುಂಟು 22.04ರಲ್ಲಿ ಬರುವುದು ಪೋಸ್ಟ್‌ಗ್ರೆಸ್ 14. 24.04ರಲ್ಲಿ 16. ಮೆಷಿನ್ನನ್ನು 22.04ರಿಂದ 24.04ಕ್ಕೆ ಏರಿಸಿದಾಗ 14 ತನ್ನಷ್ಟಕ್ಕೆ 16 ಆಗುವುದಿಲ್ಲ. 14 ಹಾಗೇ ಉಳಿದು, ಪಕ್ಕದಲ್ಲಿ 16 ಹೊಸದಾಗಿ ಬಂದು ಕೂರುತ್ತದೆ. 5432 ಪೋರ್ಟ್ ಹಳೆಯದರ ಕೈಯಲ್ಲೇ ಇರುವುದರಿಂದ ಹೊಸದಕ್ಕೆ ಸಿಗುವುದು 5433. ನಿಮ್ಮ ಅಪ್ಲಿಕೇಷನ್ 5432ಕ್ಕೇ ಮಾತಾಡುತ್ತಿರುತ್ತದೆ, ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಆಮೇಲೆ ಯಾರೋ ಬಂದು ಪ್ಯಾಕೇಜ್ ಪಟ್ಟಿ ನೋಡುತ್ತಾರೆ. 14 ಇದೆ, 16 ಇದೆ. ಹೊಸದು ಬಂದ ಮೇಲೆ ಹಳೆಯದು ಯಾಕೆ, ಜಾಗ ಹಾಳು ಅಂತ 14ನ್ನು ಪರ್ಜ್ ಮಾಡುತ್ತಾರೆ. ನೀಲಿ ಪರದೆ ಬರುತ್ತದೆ, ಎಂಟರ್. ಇಡೀ ಸಂಸ್ಥೆಯ ಡೇಟಾ ಇದ್ದದ್ದು 14ರಲ್ಲೇ. 16 ಖಾಲಿ ಡಬ್ಬ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಡೆಬಿಯನ್‌ನವರು ಪೋಸ್ಟ್‌ಗ್ರೆಸ್‌ಗೆ ಅಂತಲೇ ತಮ್ಮದೇ ಕೆಲವು ಕಮ್ಯಾಂಡ್ ಕೊಟ್ಟಿದ್ದಾರೆ. 'ಪಿಜಿ_ಎಲ್ಎಸ್‌ಕ್ಲಸ್ಟರ್ಸ್' ಹೊಡೆಯಿರಿ. ಒಂದೊಂದು ಸಾಲಿನಲ್ಲಿ ಆವೃತ್ತಿ, ಕ್ಲಸ್ಟರ್ (ಒಂದು ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪು) ಹೆಸರು, ಪೋರ್ಟ್, ಓಡುತ್ತಿದೆಯೋ ನಿಂತಿದೆಯೋ, ಡೇಟಾ ಎಲ್ಲಿದೆ, ಲಾಗ್ ಎಲ್ಲಿದೆ ಅಂತ ಎಲ್ಲ ಬರುತ್ತದೆ. ಎರಡೂ ಪೋರ್ಟ್‌ಗೆ ಪಿಎಸ್‌ಕ್ಯೂಎಲ್ ಹಾಕಿ, ಡೇಟಾಬೇಸ್ ಪಟ್ಟಿ ನೋಡಿ. ಖಾಲಿ ಇರುವುದು 16 ಅಂತ ಕಣ್ಣಾರೆ ನೋಡಿದ ಮೇಲೆ 'ಪಿಜಿ_ಡ್ರಾಪ್‌ಕ್ಲಸ್ಟರ್ --ಸ್ಟಾಪ್ 16 ಮೇನ್' ಹಾಕಿ ಖಾಲಿಯದನ್ನು ತೆಗೆಯಿರಿ. ಆಮೇಲೆ 'ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ 14 ಮೇನ್'. ಇದು 14ರ ಡೇಟಾವನ್ನು 16ಕ್ಕೆ ತಂದು, ಪೋರ್ಟ್‌ಗಳನ್ನೂ ಅದಲುಬದಲು ಮಾಡುತ್ತದೆ. ಈಗ 5432ರಲ್ಲಿ 16 ಇರುತ್ತದೆ, 14 ನಿಂತಿರುತ್ತದೆ. ಕೆಲವು ದಿನ ಹಾಗೇ ಬಿಟ್ಟು, ಜನ ಕೆಲಸ ಮಾಡಿ ಏನೂ ದೂರು ಬರದಿದ್ದರೆ, ಆಗ 14ರ ಕ್ಲಸ್ಟರ್ ತೆಗೆದು ಪ್ಯಾಕೇಜ್ ಪರ್ಜ್ ಮಾಡಿ. ಈ ಕ್ರಮದಲ್ಲಿ ಹೋದರೆ ಪರ್ಜ್ ಮಾಡುವ ಹೊತ್ತಿಗೆ ಅಳಿಸಲು ಡೇಟಾನೇ ಉಳಿದಿರುವುದಿಲ್ಲ, ನೀಲಿ ಪರದೆಗೆ ಹೆದರಬೇಕಾಗಿಲ್ಲ.

ಡೆಬಿಯನ್‌ನಲ್ಲಿ ಇನ್ನೊಂದು ವಿಶೇಷ. ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್, ಪಿಜಿ_ಎಚ್‌ಬಿಎ.ಕಾನ್ಫ್ ಎರಡೂ /ಇಟಿಸಿ ಒಳಗಿರುತ್ತವೆ, ಡೇಟಾ ಫೋಲ್ಡರ್ ಒಳಗಲ್ಲ. ಡೇಟಾ ಫೋಲ್ಡರ್ ಒಂದನ್ನೇ ಕಾಪಿ ಮಾಡಿ ಇಟ್ಟುಕೊಂಡರೆ ಯಾರಿಗೆ ಎಲ್ಲಿಂದ ಪ್ರವೇಶ ಇತ್ತು ಅನ್ನುವ ನಿಯಮಗಳು ಅದರಲ್ಲಿ ಬರುವುದಿಲ್ಲ. ಎರಡನ್ನೂ ಎತ್ತಿಡಿ. ಹೊರಗಿನ ರೆಪೊ ಸೇರಿಸಿದ್ದರೆ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗಿನ ಆ ಫೈಲ್, ಅದರ ಕೀ ಕೂಡ ಕೊನೆಗೆ ತೆಗೆಯಬೇಕು. ಇನ್ನು, ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಪ್ಟ್ ಆಟೋರಿಮೂವ್ ಬಗ್ಗೆ, ಅದು ತೆಗೆಯುತ್ತೇನೆ ಅನ್ನುವ ಪಟ್ಟಿಯನ್ನು ಒಂದು ಸಲ ಓದಿ ಆಮೇಲೆ ವೈ ಒತ್ತಿ. ಲಿಬ್‌ಪಿಕ್ಯು5 ಅನ್ನುವುದನ್ನು ಕೈಯಾರೆ ತೆಗೆಯಲು ಹೋಗಬೇಡಿ. ಅದು ಸರ್ವರ್ ಅಲ್ಲ, ಬೇರೆ ಎಲ್ಲೋ ಇರುವ ಪೋಸ್ಟ್‌ಗ್ರೆಸ್ ಜೊತೆ ಮಾತಾಡಲು ಪಿಎಚ್‌ಪಿ, ಪೈಥಾನ್ ಪ್ಯಾಕೇಜ್‌ಗಳಿಗೆ ಬೇಕಾದ ಲೈಬ್ರರಿ.

ರೆಡ್‌ಹ್ಯಾಟ್, ರಾಕಿ, ಆಲ್ಮಾ, ಫೆಡೋರಾ ಕಡೆ ಸ್ವಭಾವ ಬೇರೆ. ಅಲ್ಲಿ ಆಪ್ಟ್ ಬದಲು ಡಿಎನ್ಎಫ್, ಅದರಲ್ಲಿ ರಿಮೂವ್, ಪರ್ಜ್ ಅಂತ ಎರಡು ಬಗೆ ಇಲ್ಲ. 'ಡಿಎನ್ಎಫ್ ರಿಮೂವ್ ಪೋಸ್ಟ್‌ಗ್ರೆಸ್‌ಕ್ಯೂಎಲ್-ಸರ್ವರ್' ಅಂದರೆ ಪ್ರೋಗ್ರಾಂ ಹೋಗುತ್ತದೆ, /ವಾರ್/ಲಿಬ್/ಪಿಜಿಎಸ್‌ಕ್ಯೂಎಲ್/ಡೇಟಾ ಹಾಗೇ ಉಳಿಯುತ್ತದೆ. ಪ್ರಾಜೆಕ್ಟ್‌ನವರ ರೆಪೊದಿಂದ ಹಾಕಿದ್ದರೆ ಅದೇ ಜಾಗದಲ್ಲಿ 16/ಡೇಟಾ ಅಂತ ಆವೃತ್ತಿಯ ನಂಬರ್ ಇರುತ್ತದೆ. ಕಾನ್ಫಿಗ್ ಫೈಲ್‌ಗಳೂ ಆ ಡೇಟಾ ಫೋಲ್ಡರ್ ಒಳಗೇ. ಡೇಟಾ ಮಟ್ಟಿಗೆ ಇದು ಡೆಬಿಯನ್‌ಗಿಂತ ಕ್ಷೇಮ ಅಂತ ನನಗೆ ಅನ್ನಿಸುತ್ತದೆ. ಅಪಾಯ ಬೇರೆ ಕಡೆ ಇದೆ: ಡಿಎನ್ಎಫ್ ಒಂದು ಪ್ಯಾಕೇಜ್ ತೆಗೆಯುವಾಗ ಅದನ್ನು ನಂಬಿದವರನ್ನೂ ಕರೆದುಕೊಂಡು ಹೋಗುತ್ತದೆ, ಜೊತೆಗೆ ಇನ್ನು ಬೇಡವಾದ ಡಿಪೆಂಡೆನ್ಸಿಗಳನ್ನು (ಅದಕ್ಕಾಗಿ ಬಂದಿದ್ದ ಇತರ ಪ್ಯಾಕೇಜ್‌ಗಳು) ಆಟೋರಿಮೂವ್ ಕೊಡದೆಯೇ ತಾನೇ ತೆಗೆಯುತ್ತದೆ. '--ಅಸ್ಯೂಮ್‌ನೋ' ಸೇರಿಸಿ ಹೊಡೆದರೆ ಪಟ್ಟಿ ತೋರಿಸಿ ಸುಮ್ಮನಾಗುತ್ತದೆ. ಅದನ್ನು ಓದಿ. ಹೆಚ್ಚುಕಮ್ಮಿ ಆದರೆ 'ಡಿಎನ್ಎಫ್ ಹಿಸ್ಟರಿ ಅಂಡೂ' ಇದೆ, ಪ್ಯಾಕೇಜ್‌ಗಳನ್ನು ವಾಪಸ್ ತರುತ್ತದೆ.

ಡೇಟಾ ಉಳಿಯುವುದರಿಂದ ಆಗುವ ತೊಂದರೆ ಮುಂದೆ ಕಾಣುತ್ತದೆ. ಆರ್‌ಎಚ್‌ಇಎಲ್ (ರೆಡ್‌ಹ್ಯಾಟ್ ಲಿನಕ್ಸ್) 9ರ ಮಾಮೂಲಿ ಪೋಸ್ಟ್‌ಗ್ರೆಸ್ 13. ಅದನ್ನು ತೆಗೆದು ಅಲ್ಲೇ 16 ಹಾಕಿದಿರಿ. ಡೇಟಾ ಫೋಲ್ಡರ್ ಜಾಗ ಎರಡಕ್ಕೂ ಒಂದೇ. ಹೊಸ ಕ್ಲಸ್ಟರ್ ಮಾಡಲು ಹೋದರೆ ಫೋಲ್ಡರ್ ಖಾಲಿ ಇಲ್ಲ ಅನ್ನುತ್ತದೆ, ಸುಮ್ನೆ ಸ್ಟಾರ್ಟ್ ಮಾಡಿದರೆ ಈ ಫೈಲ್‌ಗಳು 13ರವು, ನನಗೆ ಆಗಿಬರುವುದಿಲ್ಲ ಅನ್ನುತ್ತದೆ. ಆಗ ಸಿಟ್ಟಿನಲ್ಲಿ ಫೋಲ್ಡರ್ ಅಳಿಸುವವರನ್ನು ಕಂಡಿದ್ದೇನೆ. ಅಳಿಸುವ ಬದಲು ಹೆಸರು ಬದಲಿಸಿ ಪಕ್ಕಕ್ಕಿಡಿ. ಮತ್ತೆ, ಡೇಟಾ ಬೇರೆ ಡಿಸ್ಕ್‌ನಲ್ಲಿ ಇರಲಿ ಅಂತ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಯಾರಾದರೂ ಓವರ್‌ರೈಡ್ ಫೈಲ್ ಬರೆದಿದ್ದರೆ ಅದು ಪ್ಯಾಕೇಜ್ ಜೊತೆ ಹೋಗುವುದಿಲ್ಲ. ಅದನ್ನು ಕೈಯಾರೆ ತೆಗೆದು 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಕೊಡಿ.

ಸೋರ್ಸ್‌ನಿಂದ ಕಂಪೈಲ್ ಮಾಡಿದ್ದರೆ? 'ಮೇಕ್ ಇನ್‌ಸ್ಟಾಲ್' ಅನ್ನುವುದಕ್ಕೆ ಎದುರಾಗಿ 'ಮೇಕ್ ಅನ್‌ಇನ್‌ಸ್ಟಾಲ್' ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೆ ಅಂತ ಹೇಳುತ್ತಿದ್ದೇನೆ, ಎಲ್ಲದರಲ್ಲೂ ಇರುವುದಿಲ್ಲ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನಲ್ಲಿ ಇಲ್ಲ, ಅಲ್ಲಿ 'ಎಂಜಿನ್‌ಎಕ್ಸ್ -ವಿ' ಅಂತ ದೊಡ್ಡ ವಿ ಹಾಕಿ, ಕಂಪೈಲ್ ಮಾಡುವಾಗ ಏನೇನು ಜಾಗ ಕೊಟ್ಟಿದ್ದರು ಅಂತ ನೋಡಿಕೊಂಡು ಕೈಯಾರೆ ತೆಗೆಯಬೇಕು. ಪೋಸ್ಟ್‌ಗ್ರೆಸ್‌ನ ಮೇಕ್ ಅನ್‌ಇನ್‌ಸ್ಟಾಲ್ ಕೆಲಸ ಮಾಡಬೇಕಾದರೆ ಕಂಪೈಲ್ ಮಾಡಿದ ಆ ಸೋರ್ಸ್ ಫೋಲ್ಡರ್ ಬೇಕು. ಅದು ಸಾಮಾನ್ಯವಾಗಿ ಯಾರದೋ ಹೋಮ್ ಡೈರೆಕ್ಟರಿಯಲ್ಲಿದ್ದು ಎಂದೋ ಅಳಿಸಿಹೋಗಿರುತ್ತದೆ. ಆಗ ಅದೇ ಆವೃತ್ತಿಯ ಸೋರ್ಸ್ ಮತ್ತೆ ಇಳಿಸಿ, 'ಪಿಜಿ_ಕಾನ್ಫಿಗ್ --ಕಾನ್ಫಿಗರ್' ಕೊಟ್ಟರೆ ಹಿಂದೆ ಯಾವ ಆಯ್ಕೆಗಳಲ್ಲಿ ಕಟ್ಟಿದ್ದರು ಅಂತ ಅದೇ ಹೇಳುತ್ತದೆ. ಅವೇ ಆಯ್ಕೆಗಳಿಂದ ಕಾನ್ಫಿಗರ್ ಮಾಡಿ, ಆಮೇಲೆ ಮೇಕ್ ಅನ್‌ಇನ್‌ಸ್ಟಾಲ್. ಫೈಲ್‌ಗಳು ಹೋಗುತ್ತವೆ, ಫೋಲ್ಡರ್‌ಗಳು ಉಳಿಯುತ್ತವೆ.

ಇಷ್ಟೆಲ್ಲ ಯಾಕೆ, /ಯುಎಸ್ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್ ಫೋಲ್ಡರನ್ನೇ 'ಆರ್‌ಎಂ -ಆರ್‌ಎಫ್' ಮಾಡಿದರೆ ಆಯ್ತಲ್ವಾ ಅಂತ ಕೇಳುತ್ತೀರಿ. ಮಾಡಬೇಡಿ. ಪೋಸ್ಟ್‌ಗ್ರೆಸ್ ಕೈಪಿಡಿಯ ಉದಾಹರಣೆಯಲ್ಲೇ ಡೇಟಾ ಇಡುವ ಜಾಗ /ಯುಎಸ್ಆರ್/ಲೋಕಲ್/ಪಿಜಿಎಸ್‌ಕ್ಯೂಎಲ್/ಡೇಟಾ ಅಂತ ಇದೆ. ಸೋರ್ಸ್‌ನಿಂದ ಕಟ್ಟುವವರು ಕೈಪಿಡಿ ನೋಡಿಕೊಂಡೇ ಕಟ್ಟುತ್ತಾರೆ. ಹಾಗಾಗಿ ಪ್ರೋಗ್ರಾಂ, ಡೇಟಾ ಎರಡೂ ಒಂದೇ ಫೋಲ್ಡರ್ ಒಳಗೆ ಕೂತಿರುತ್ತವೆ. ಸರ್ವರ್ ಓಡುತ್ತಿರುವಾಗಲೇ ಒಳಗೆ ಹೋಗಿ 'ಶೋ ಡೇಟಾ_ಡೈರೆಕ್ಟರಿ' ಅಂತ ಕೇಳಿ, ನಿಜವಾದ ಜಾಗ ಬರೆದಿಟ್ಟುಕೊಳ್ಳಿ. ಡೇಟಾ ಫೋಲ್ಡರ್ ಒಳಗಿನ ಪಿಜಿ_ಟಿಬಿಎಲ್‌ಎಸ್‌ಪಿಸಿ ಕೂಡ ನೋಡಿ. ಅಲ್ಲಿ ಲಿಂಕ್‌ಗಳಿದ್ದರೆ ಡೇಟಾದ ಒಂದು ಭಾಗ ಬೇರೆ ಡಿಸ್ಕ್‌ನಲ್ಲಿದೆ ಅಂತ ಅರ್ಥ. ಡೇಟಾ ಫೋಲ್ಡರ್ ಒಂದನ್ನೇ ಎತ್ತಿಟ್ಟರೆ ಆ ಭಾಗ ತಪ್ಪಿಹೋಗುತ್ತದೆ.

ಒಂದೇ ಮೆಷಿನ್‌ನಲ್ಲಿ ಸೋರ್ಸ್‌ನದೂ ಪ್ಯಾಕೇಜ್‌ನದೂ ಎರಡೂ ಇದ್ದರೆ ಇನ್ನೊಂದು ಗೊಂದಲ. ಸೋರ್ಸ್‌ನ ಪಿಎಸ್‌ಕ್ಯೂಎಲ್ ಸಾಕೆಟ್ (ಸರ್ವರ್ ಜೊತೆ ಮಾತಾಡಲು ಬಳಸುವ ವಿಶೇಷ ಫೈಲ್) ಹುಡುಕುವುದು /ಟೆಂಪ್ ಒಳಗೆ, ಡೆಬಿಯನ್ ಸರ್ವರ್ ಸಾಕೆಟ್ ಇಡುವುದು /ವಾರ್/ರನ್/ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಳಗೆ. ಒಂದನ್ನು ತೆಗೆದ ಮೇಲೆ ಪಿಎಸ್‌ಕ್ಯೂಎಲ್ ಹೊಡೆದರೆ ಸರ್ವರ್ ಇಲ್ಲ ಅಂತ ಬರುತ್ತದೆ, ಆದರೆ ಇನ್ನೊಂದು ಚೆನ್ನಾಗಿಯೇ ಓಡುತ್ತಿರುತ್ತದೆ. 'ವಿಚ್ -ಎ ಪಿಎಸ್‌ಕ್ಯೂಎಲ್' ಕೊಟ್ಟರೆ ಎಷ್ಟು ಕಡೆ ಇದೆ ಅಂತ ಗೊತ್ತಾಗುತ್ತದೆ.

ಡಾಕರ್‌ಗೆ ಬರೋಣ. ಕಂಟೇನರ್ ತೆಗೆಯುವುದು ಸೆಕೆಂಡಿನ ಕೆಲಸ. ಡೇಟಾ ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 'ಡಾಕರ್ ಇನ್‌ಸ್ಪೆಕ್ಟ್' ಮಾಡಿ ಮೌಂಟ್ಸ್ ಅನ್ನುವ ಭಾಗ ಓದಿ. ಬೈಂಡ್ ಅಂತ ಇದ್ದರೆ ಡೇಟಾ ನಿಮ್ಮ ಮೆಷಿನ್‌ನ ಮಾಮೂಲಿ ಫೋಲ್ಡರ್‌ನಲ್ಲಿದೆ, ಡಾಕರ್ ಅದನ್ನು ಮುಟ್ಟುವುದಿಲ್ಲ. ವಾಲ್ಯೂಮ್ (ಡಾಕರ್ ತಾನೇ ನೋಡಿಕೊಳ್ಳುವ ಡೇಟಾ ಜಾಗ) ಅಂತಿದ್ದು ಓದಲು ಬರುವ ಹೆಸರಿದ್ದರೆ ಹೆಸರಿಟ್ಟ ವಾಲ್ಯೂಮ್. ಹೆಸರಿನ ಜಾಗದಲ್ಲಿ 64 ಅಕ್ಷರದ ಉದ್ದನೆಯ ಸಂಖ್ಯೆ ಇದ್ದರೆ ಯಾರೂ ಹೆಸರು ಕೊಟ್ಟಿಲ್ಲ, ಡಾಕರ್ ತಾನೇ ಮಾಡಿಕೊಂಡದ್ದು. ಈ ಹೆಸರಿಲ್ಲದ್ದೇ ಅಪಾಯದ್ದು. 'ಡಾಕರ್ ಆರ್‌ಎಂ -ವಿ' ಅಂದರೆ ಅದೂ ಹೋಗುತ್ತದೆ. ಮೊದಲೇ '--ಆರ್‌ಎಂ' ಹಾಕಿ ಓಡಿಸಿದ್ದರೆ ಕಂಟೇನರ್ ನಿಲ್ಲಿಸಿದ ಕೂಡಲೇ ಹೋಗುತ್ತದೆ. ನಿಲ್ಲಿಸುವುದಕ್ಕೆ ಮುಂಚೆಯೇ ಡಂಪ್ ತೆಗೆಯಬೇಕು ಅನ್ನುವುದು ಇದಕ್ಕೇ.

ಕಂಪೋಸ್ (ಒಂದು ಫೈಲ್‌ನಲ್ಲಿ ಬರೆದಿಟ್ಟಂತೆ ಕಂಟೇನರ್‌ಗಳನ್ನು ಎಬ್ಬಿಸುವ ಸಾಧನ) ಬಳಸುವವರಿಗೆ: 'ಡಾಕರ್ ಕಂಪೋಸ್ ಡೌನ್' ಹೆಸರಿಟ್ಟ ವಾಲ್ಯೂಮನ್ನು ಬಿಟ್ಟುಬಿಡುತ್ತದೆ, ಕೊನೆಗೆ '-ವಿ' ಸೇರಿಸಿದರೆ ಅದನ್ನೂ ಅಳಿಸುತ್ತದೆ. ಒಂದು ಅಕ್ಷರದ ವ್ಯತ್ಯಾಸ, ಏನೂ ಕೇಳುವುದಿಲ್ಲ. ಹಾಗೇ 'ಡಾಕರ್ ವಾಲ್ಯೂಮ್ ಪ್ರೂನ್' ಹಳೆಯ ಡಾಕರ್‌ಗಳಲ್ಲಿ ಬಳಕೆಯಲ್ಲಿಲ್ಲದ ಎಲ್ಲ ವಾಲ್ಯೂಮ್ ಅಳಿಸುತ್ತಿತ್ತು, 23ನೇ ಆವೃತ್ತಿಯಿಂದ ಹೆಸರಿಲ್ಲದವನ್ನು ಮಾತ್ರ ಅಳಿಸುತ್ತದೆ. ನೀವು ಕೂತಿರುವ ಮೆಷಿನ್‌ನಲ್ಲಿ ಯಾವ ಡಾಕರ್ ಇದೆ ಅಂತ ನೋಡದೆ ಅದನ್ನು ಹೊಡೆಯಬೇಡಿ.

ಉಳಿದ ವಾಲ್ಯೂಮ್ ಮತ್ತೊಂದು ರೀತಿ ಕಾಡುತ್ತದೆ. ಎಲ್ಲ ತೆಗೆದೆ ಅಂದುಕೊಂಡು ಅದೇ ಕಂಪೋಸ್ ಫೈಲ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಎಬ್ಬಿಸುತ್ತಾರೆ. ಲಾಗಿನ್ ಆಗುವುದಿಲ್ಲ. ಆ ಪಾಸ್‌ವರ್ಡ್ ವೇರಿಯಬಲ್ ಕೆಲಸಕ್ಕೆ ಬರುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಹಳೆಯ ವಾಲ್ಯೂಮ್ ಇನ್ನೂ ಇದೆ, ಹಾಗಾಗಿ ಹಳೆಯ ಪಾಸ್‌ವರ್ಡೇ ನಡೆಯುತ್ತದೆ. 18ನೇ ಆವೃತ್ತಿಯ ಇಮೇಜ್‌ನಲ್ಲಿ ವಾಲ್ಯೂಮ್ ಜೋಡಿಸುವ ಜಾಗವೂ ಬದಲಾಗಿದೆ, ಮುಂಚೆ /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ ಇತ್ತು, ಈಗ ಕೊನೆಯ ಡೇಟಾ ಇಲ್ಲ. ಹಳೆಯ ಕಂಪೋಸ್ ಫೈಲ್ ನೋಡಿ ಡೇಟಾ ಹುಡುಕುವವರಿಗೆ ಇದು ಗೊತ್ತಿರಲಿ.

ಸ್ನ್ಯಾಪ್ (ಉಬುಂಟುವಿನ ಇನ್ನೊಂದು ಪ್ಯಾಕೇಜ್ ವ್ಯವಸ್ಥೆ) ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ನೆಕ್ಸ್ಟ್‌ಕ್ಲೌಡ್ (ಫೈಲ್ ಇಟ್ಟು ಹಂಚಿಕೊಳ್ಳುವ ಸಾಫ್ಟ್‌ವೇರ್) ಥರದ್ದನ್ನು ಸ್ನ್ಯಾಪ್‌ನಿಂದ ಹಾಕಿದ್ದರೆ, 'ಸ್ನ್ಯಾಪ್ ರಿಮೂವ್' ಮಾಡಿದಾಗ ಅದು ತಾನಾಗಿ ಡೇಟಾದ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ, ಮಾಮೂಲಿಯಾಗಿ 31 ದಿನ ಇರುತ್ತದೆ. 'ಸ್ನ್ಯಾಪ್ ಸೇವ್ಡ್' ಕೊಟ್ಟರೆ ಕಾಣುತ್ತದೆ. '--ಪರ್ಜ್' ಸೇರಿಸಿದರೆ ತೆಗೆದಿಡುವುದಿಲ್ಲ. ಡೆಬಿಯನ್ ಪ್ಯಾಕೇಜ್‌ಗಳಲ್ಲೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಜನ ಉಳಿದುಕೊಳ್ಳುತ್ತಿದ್ದರೋ.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದಾಗ ಅನ್‌ಇನ್‌ಸ್ಟಾಲರ್ ಕೊನೆಗೆ ಒಂದು ಸಂದೇಶ ತೋರಿಸುತ್ತದೆ, ಡೇಟಾ ಫೋಲ್ಡರ್ ತೆಗೆದಿಲ್ಲ ಅಂತ. ಜಾಸ್ತಿ ಜನ ಅದನ್ನು ಓದದೆ ಓಕೆ ಒತ್ತುತ್ತಾರೆ. ಪ್ರೋಗ್ರಾಂ ಫೈಲ್ಸ್ ಒಳಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಡೇಟಾ ಅಲ್ಲೇ ಇರುತ್ತದೆ. ಕಂಪ್ಯೂಟರ್ ಮಾರುವ ಮುಂಚೆ, ಬೇರೆಯವರಿಗೆ ಕೊಡುವ ಮುಂಚೆ ಆ ಫೋಲ್ಡರ್ ನೋಡಲೇಬೇಕು, ಅನ್‌ಇನ್‌ಸ್ಟಾಲ್ ಮಾಡಿದ್ದೇನೆ ಅನ್ನುವ ನಂಬಿಕೆಯಲ್ಲಿ ಗ್ರಾಹಕರ ಮಾಹಿತಿ ಹಾಗೇ ಹೊರಟುಹೋಗುತ್ತದೆ. ಅನ್‌ಇನ್‌ಸ್ಟಾಲರ್ ಓಡಿಸದೆ ಫೋಲ್ಡರನ್ನೇ ಕೈಯಾರೆ ಅಳಿಸಿ ಮುಗಿಸಿದವರಿಗೆ ಸರ್ವಿಸ್ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್-ಎಕ್ಸ್64-16 ಅಂತ ಉಳಿದಿರುತ್ತದೆ, ಅದನ್ನು ಅಡ್ಮಿನ್ ಆಗಿ 'ಎಸ್‌ಸಿ ಡಿಲೀಟ್' ಕೊಟ್ಟು ತೆಗೆಯಬೇಕು. ಮ್ಯಾಕ್‌ನಲ್ಲಿ ಹೋಂಬ್ರೂ (ಮ್ಯಾಕ್‌ನ ಪ್ಯಾಕೇಜ್ ಮ್ಯಾನೇಜರ್) ಆದರೆ ಮೊದಲು 'ಬ್ರೂ ಸರ್ವಿಸಸ್ ಸ್ಟಾಪ್', ಆಮೇಲೆ ಅನ್‌ಇನ್‌ಸ್ಟಾಲ್. ಡೇಟಾ ಹೊಸ ಮ್ಯಾಕ್‌ಗಳಲ್ಲಿ /ಆಪ್ಟ್/ಹೋಂಬ್ರೂ/ವಾರ್ ಒಳಗೆ (ಈ ಆಪ್ಟ್ ಓ ಅಕ್ಷರದಿಂದ ಶುರುವಾಗುವುದು), ಇಂಟೆಲ್ ಮ್ಯಾಕ್‌ಗಳಲ್ಲಿ /ಯುಎಸ್ಆರ್/ಲೋಕಲ್/ವಾರ್ ಒಳಗೆ ಉಳಿಯುತ್ತದೆ.

ಎಲ್ಲ ತೆಗೆದ ಮೇಲೆ ಪೋಸ್ಟ್‌ಗ್ರೆಸ್ ಅನ್ನುವ ಯೂಸರ್ ಉಳಿದಿರಬಹುದು. ಅದನ್ನು ಅಳಿಸಲು ಅವಸರ ಬೇಡ. ಲಿನಕ್ಸ್‌ನಲ್ಲಿ ಫೈಲ್ ಮೇಲೆ ಬರೆದಿರುವುದು ಯೂಸರ್‌ನ ನಂಬರ್. ಯೂಸರನ್ನು ಅಳಿಸಿ ಫೈಲ್ ಉಳಿಸಿದರೆ, ನಾಳೆ ಬೇರೆ ಸಾಫ್ಟ್‌ವೇರ್ ಹಾಕಿದಾಗ ಅದರ ಯೂಸರ್‌ಗೆ ಅದೇ ನಂಬರ್ ಸಿಗಬಹುದು, ಆಗ ನಿಮ್ಮ ಹಳೆಯ ಡೇಟಾ ಅದರ ಸ್ವತ್ತು. ಮೊದಲು ಫೈಲ್‌ಗಳ ವ್ಯವಸ್ಥೆ ಮಾಡಿ, ಕೊನೆಗೆ ಯೂಸರ್. 'ಫೈಂಡ್ / -ನೋಯೂಸರ್' ಕೊಟ್ಟರೆ ವಾರಸುದಾರರಿಲ್ಲದ ಫೈಲ್‌ಗಳು ಸಿಗುತ್ತವೆ. ಆ ಯೂಸರ್‌ನ ಕ್ರಾನ್‌ಟ್ಯಾಬ್, ಫೈರ್‌ವಾಲ್‌ನಲ್ಲಿ 5432ಕ್ಕೆ ಕೊಟ್ಟಿದ್ದ ಅನುಮತಿ, ಮಾನಿಟರಿಂಗ್‌ನಲ್ಲಿ ಈ ಸರ್ವರ್ ಹೆಸರು, ಇವನ್ನೂ ತೆಗೆಯಿರಿ. ಬ್ಯಾಕಪ್ ಸ್ಕ್ರಿಪ್ಟನ್ನು ಮರೆಯಬೇಡಿ. ಡೇಟಾಬೇಸ್ ಹೋದ ಮೇಲೂ ಅದು ದಿನಾ ರಾತ್ರಿ ಓಡಿ ಖಾಲಿ ಫೈಲ್ ಬರೆದು, ಹಳೆಯದನ್ನು ಅಳಿಸುವ ನಿಯಮದ ಪ್ರಕಾರ ಒಂದೊಂದಾಗಿ ನಿಮ್ಮ ಒಳ್ಳೆಯ ಬ್ಯಾಕಪ್‌ಗಳನ್ನು ಅಳಿಸುತ್ತಾ ಬರುತ್ತದೆ.

ಮೆಷಿನ್ ಒಂದು ಸಲ ರೀಸ್ಟಾರ್ಟ್ ಮಾಡಿ. ಮತ್ತೆ 'ಎಸ್ಎಸ್ -ಎಲ್‌ಟಿಎನ್‌ಪಿ' ನೋಡಿ, 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ನೋಡಿ. ರೀಸ್ಟಾರ್ಟ್ ಪಾಲಿಸಿ ಆಲ್ವೇಸ್ ಅಂತ ಇಟ್ಟ ಕಂಟೇನರ್ ಯಾವುದಾದರೂ ಉಳಿದಿದ್ದರೆ ಈಗ ಎದ್ದು ಕೂತಿರುತ್ತದೆ. ಪಕ್ಕಕ್ಕಿಟ್ಟ ಡೇಟಾ ಫೋಲ್ಡರ್‌ಗೆ ಯಾವ ದಿನ ಇಟ್ಟದ್ದು, ಯಾವ ದಿನ ಅಳಿಸಬಹುದು ಅಂತ ಹೆಸರಿನಲ್ಲೇ ಬರೆಯಿರಿ. ಆ ಫೋಲ್ಡರನ್ನು ಮತ್ತೆ ತೆರೆಯಬೇಕಾದರೆ ಅದೇ ಮುಖ್ಯ ಆವೃತ್ತಿಯ ಪೋಸ್ಟ್‌ಗ್ರೆಸ್ ಬೇಕು, ಒಳಗಿರುವ ಪಿಜಿ_ವರ್ಷನ್ ಅನ್ನುವ ಪುಟ್ಟ ಫೈಲ್ ತೆರೆದರೆ ಅದು ಯಾವುದು ಅಂತ ಸಿಗುತ್ತದೆ.